ಸುಟ್ಟ ಬೇರಿಂಗು

"ಗುರುಗಳೇ, ಎಲ್ಲಕ್ಕಿಂತ ಬಲವಾದ ಮಂತ್ರ ಯಾವುದು? ಅದನ್ನೇ ನನಗೆ ಕೊಡಿ," ಎಂದು ಗುರುಪಾದ ಕೇಳಿದ.

ಅವನು ಮಠಕ್ಕೆ ಬಂದು ಎಂಟು ದಿನವಾಗಿತ್ತು. ಹಿಂದೆ ಬೇರೆ ಎರಡು ಮಠಗಳಲ್ಲಿದ್ದು ಎರಡನ್ನೂ ಬಿಟ್ಟಿದ್ದ. ಅಲ್ಲಿ ಕೊಟ್ಟ ಮಂತ್ರಗಳು ತನಗೆ ಫಲಿಸಲಿಲ್ಲ ಎನ್ನುತ್ತಿದ್ದ. ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ, ಆ ಮಾತು ಬೇಡ, ಅದನ್ನೆಲ್ಲ ಮರೆತು ಬಂದಿದ್ದೇನೆ ಎಂದು ಮುಖ ತಿರುಗಿಸುತ್ತಿದ್ದ.

ಅಡವಯ್ಯ ಗುರುಗಳು ಸನ್ಯಾಸಕ್ಕೆ ಮೊದಲು ಹನ್ನೆರಡು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವರು. ಅವರ ದೃಷ್ಟಾಂತಗಳಲ್ಲಿ ಹುಲಿ, ಹಸು, ರಾಜಕುಮಾರರು ಬರುವುದು ಕಡಿಮೆ. ವೇದಾಂತ ಕೇಳಲು ಬಂದವರು ಪೆಟ್ರೋಲಿನ ವಾಸನೆ ಹಚ್ಚಿಕೊಂಡು ಹೋಗುತ್ತಾರೆ ಎಂದು ಹಳೆಯ ಶಿಷ್ಯರು ತಮಾಷೆ ಮಾಡುತ್ತಿದ್ದರು. ಗುರುಗಳು ಗುರುಪಾದನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಕಾರು ಪಂದ್ಯದವನಿದ್ದ. ಘಟ್ಟದ ಮಣ್ಣುರಸ್ತೆಗಳಲ್ಲಿ ನಡೆಯುವ ಪಂದ್ಯಗಳಲ್ಲಿ ಕಾರು ಓಡಿಸುತ್ತಿದ್ದ. ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಕೂರುತ್ತಿದ್ದಳು. ಮುಂದೆ ಬರುವ ತಿರುವುಗಳನ್ನು ಪುಸ್ತಕ ನೋಡಿ ಗಟ್ಟಿಯಾಗಿ ಓದಿ ಹೇಳುವುದು ಅವಳ ಕೆಲಸ. ಮನೆಯಲ್ಲಿ ಅವಳ ಮಾತನ್ನು ಎಷ್ಟು ಕೇಳುತ್ತಿದ್ದನೋ ತಿಳಿಯದು, ಕಾರಿನಲ್ಲಿ ಮಾತ್ರ ಅವಳು ಹೇಳಿದ್ದೇ ವೇದವಾಕ್ಯ.

ಒಂದು ಪಂದ್ಯದಲ್ಲಿ ಅವನ ಎಂಜಿನ್ ಸೀಜಾಯಿತು. ಓಡುತ್ತಿದ್ದದ್ದು ಒಳಗೆಲ್ಲ ಕಚ್ಚಿಕೊಂಡು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಚಕ್ರಗಳು ಹಿಡಿದುಕೊಂಡವು. ಕಾರು ಗಿರ್ರನೆ ತಿರುಗಿ ಕಣಿವೆಯ ಅಂಚಿಗೆ ಹೋಗಿ ನಿಂತಿತು. ಹೆಂಡತಿ ತನ್ನ ಕಡೆಯ ಬಾಗಿಲು ತೆರೆದರೆ ಕೆಳಗೆ ನೆಲವಿರಲಿಲ್ಲ.

ಅವನು ಮರುವಾರವೇ ಹೊಸ ಸಾಮಾನು ತರಿಸಿದ. ಕಂಪನಿಯವರು ಹಾಕಿದ್ದು ಬೇಡವೆಂದು ಇನ್ನೂ ಗಟ್ಟಿಯಾದ ಪಿಸ್ಟನ್ ತರಿಸಿದ, ಹೊರದೇಶದಲ್ಲಿ ಮಾಡಿದ ಕನೆಕ್ಟಿಂಗ್ ರಾಡ್ ತರಿಸಿದ. ಎಂಜಿನ್ ಬಿಚ್ಚಿಸಿ, ಸುಟ್ಟದ್ದನ್ನೆಲ್ಲ ಅದೇ ದಿನ ಗುಜರಿಗೆ ಕಳಿಸಿದ. ಅದನ್ನು ಕಂಡರೆ ಅವನಿಗೆ ಆ ಅಂಚು ನೆನಪಾಗುತ್ತಿತ್ತು, ಪಾಪ.

ವರ್ಷ ತುಂಬುವುದರೊಳಗೆ ಆ ಎಂಜಿನ್ನೂ ಹಾಗೆಯೇ ಕಚ್ಚಿಕೊಂಡಿತು. ಈ ಸಲ ಕಾರು ಬಂಡೆಗೆ ಬಡಿದು ಹೆಂಡತಿಯ ಎಡಭುಜದ ಮೂಳೆ ಮುರಿಯಿತು. ಅವನು ಮತ್ತೆ ಸುಟ್ಟದ್ದನ್ನು ಗುಜರಿಗೆ ಹಾಕಿ ಹೊಸದನ್ನು ಹುಡುಕಲು ಕೂತ. ಅವಳು ಬೈಯಲಿಲ್ಲ. ಭುಜ ವಾಸಿಯಾದ ಮೇಲೆ ಒಂದು ಸಲ ಕೂರುತ್ತೇನೆ, ಆಗಲೂ ಹೀಗಾದರೆ ಮತ್ತೆ ಕರೆಯಬೇಡಿ ಎಂದಷ್ಟೇ ಹೇಳಿದಳು. ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುವುದು ಅವನಿಂದ ಆಗುವ ಕೆಲಸವಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆಗ ಅವರಿಬ್ಬರೂ ನಾನು ಕೆಲಸಕ್ಕಿದ್ದ ಗ್ಯಾರೇಜಿನ ಮುದಿ ಮೆಕ್ಯಾನಿಕ್ಕನ ಹತ್ತಿರ ಬಂದರು. ಅವನದೊಂದು ಪದ್ಧತಿಯಿತ್ತು. ಬಿಚ್ಚಿದ ಎಂಜಿನ್ನಿನ ಒಂದು ಚೂರನ್ನೂ ಎಸೆಯಲು ಬಿಡುತ್ತಿರಲಿಲ್ಲ. ಹಳೆಯ ಪಂಚೆ ಹಾಸಿ, ಎಲ್ಲವನ್ನೂ ಅದರ ಮೇಲೆ ಸಾಲಾಗಿ ಜೋಡಿಸಿ, ಒಂದು ಹಗಲು ಪೂರ್ತಿ ಮುಂದೆ ಕೂತು ನೋಡುತ್ತಿದ್ದ. ಹೊಸ ಸಾಮಾನಿನ ಮಾತು ಏನಿದ್ದರೂ ಆಮೇಲೆ. ಇವನು ರಿಪೇರಿ ಮಾಡುತ್ತಾನೋ ತಿಥಿ ಮಾಡುತ್ತಾನೋ ಎಂದು ಬೇಸತ್ತು ಎದ್ದುಹೋದ ಗಿರಾಕಿಗಳೂ ಉಂಟು.

ಪಂದ್ಯದವನು ಎರಡು ಹಾಳೆ ತುಂಬ ಬರೆದು ತಂದಿದ್ದ ಸಾಮಾನಿನ ಪಟ್ಟಿಯನ್ನು ಅವನ ಮುಂದಿಟ್ಟ.

"ಯಜಮಾನ್ರೇ, ಇದರಲ್ಲಿ ಎಲ್ಲಕ್ಕಿಂತ ಗಟ್ಟಿ ಯಾವುದು ಅಂತ ನೀವೇ ಆರಿಸಿ. ಇನ್ನೊಂದು ಸಲ ಕೈಕೊಡಬಾರದು."

ಮೆಕ್ಯಾನಿಕ್ ಪಟ್ಟಿಯನ್ನು ಓದಲಿಲ್ಲ. "ಹಳೇ ಬೇರಿಂಗ್ ಎಲ್ಲಿ?" ಎಂದು ಕೇಳಿದ.

"ಅದನ್ನ ಗುಜರಿಗೆ ಹಾಕಿದೆ. ಸುಟ್ಟುಹೋಗಿದ್ದು ಇನ್ಯಾಕೆ?"

"ಹೊಸದು ಏನು ಬೇಕು ಅಂತ ಅದೇ ಹೇಳ್ಬೇಕಪ್ಪ. ನನಗೇನು ಕನಸು ಬೀಳುತ್ತಾ?" ಎಂದು ಮೆಕ್ಯಾನಿಕ್ ಪಟ್ಟಿಯನ್ನು ಮಡಿಸಿ ವಾಪಸು ಕೊಟ್ಟ.

ಹೆಂಡತಿ ಬಲಗೈಯಿಂದ ತನ್ನ ಚೀಲ ತೆರೆದು, ಎರಡು ಪೊಟ್ಟಣ ತೆಗೆದು ಮೆಕ್ಯಾನಿಕ್ಕನ ಮುಂದೆ ಬಿಚ್ಚಿದಳು. ರಾಡು ತಿರುಗುವ ಕಡೆ ಸವೆಯದಂತೆ ಕೂರಿಸುವ, ಅರ್ಧ ಬಳೆಯಂಥ ಎರಡು ಬೇರಿಂಗ್ ತುಂಡುಗಳು, ಕಪ್ಪಗೆ ಸುಟ್ಟವು. ಗುಜರಿಗೆ ಹೋಗುವ ಮೊದಲು ಎರಡು ಸಲವೂ ಒಂದೊಂದನ್ನು ಅವಳು ಎತ್ತಿಟ್ಟುಕೊಂಡಿದ್ದಳು.

ಗಂಡ ಬೆರಗಾದ. "ಇದನ್ಯಾಕೆ ಇಟ್ಕೊಂಡೆ?"

"ಆ ಕಾರಲ್ಲಿ ನಾನೂ ಕೂತಿದ್ದೆನಲ್ರೀ. ಏನಾಯ್ತು ಅಂತ ನನಗಾದ್ರೂ ಗೊತ್ತಾಗ್ಬೇಡ್ವಾ?"

ಪೊಟ್ಟಣದ ಕಾಗದಗಳ ಮೇಲೆ ಎಂಜಿನ್ ನಿಂತ ಜಾಗವನ್ನು ಅವಳು ಬರೆದಿಟ್ಟಿದ್ದಳು. ಊರು ಬೇರೆ ಬೇರೆ. ಕೆಳಗಿನ ಸಾಲು ಎರಡರಲ್ಲೂ ಒಂದೇ, ಉದ್ದನೆಯ ಬಲತಿರುವು ಎಂದು.

ಮೆಕ್ಯಾನಿಕ್ ತುಂಡುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಭಾರ ತಾಳದೆ ಹೋದದ್ದಲ್ಲ, ಎಣ್ಣೆ ಸಿಗದೆ ಸುಟ್ಟದ್ದು ಎಂದ. ಉದ್ದನೆಯ ತಿರುವಿನಲ್ಲಿ ವೇಗ ತಗ್ಗಿಸದೆ ಹೋದರೆ ಎಂಜಿನ್ನಿನ ತಳದಲ್ಲಿರುವ ಎಣ್ಣೆಯೆಲ್ಲ ಒಂದು ಮಗ್ಗುಲಿಗೆ ಸರಿದುಬಿಡುತ್ತದೆ. ಪಂಪು ಎಣ್ಣೆಯ ಬದಲು ಗಾಳಿ ಎಳೆಯುತ್ತದೆ. ಆಮೇಲೆ ಯಾವ ದೇಶದ ಸಾಮಾನು ಹಾಕಿದ್ದರೂ ಒಣಗಿ ಉರಿಯುವುದೇ. ಎಣ್ಣೆ ಸರಿಯದಂತೆ ತಳದಲ್ಲಿ ಅಡ್ಡಲಾಗಿ ಒಂದು ತಗಡು ಕೂರಿಸಬೇಕಾಗಿತ್ತು. ಎರಡು ಹಾಳೆಯ ಪಟ್ಟಿಯಲ್ಲಿ ಅದೊಂದು ಇರಲಿಲ್ಲ.

ಪಂದ್ಯದವನು ನೆಲದ ಮೇಲೆ ಕೂತು ಆ ತುಂಡುಗಳನ್ನು ಮೊದಲ ಸಲ ಕೈಗೆ ತೆಗೆದುಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಅವಳಿಗೆ ಏನೂ ಆಗಬಾರದೆಂದೇ ಅವನು ಅಷ್ಟೆಲ್ಲ ಗಟ್ಟಿ ಸಾಮಾನು ಹುಡುಕಿದ್ದು. ಅವನನ್ನು ದಡ್ಡ ಎನ್ನಲು ನನಗೆ ಇವತ್ತಿಗೂ ಮನಸ್ಸು ಬಾರದು. ಸುಟ್ಟದ್ದನ್ನು ಎದುರಿಗಿಟ್ಟುಕೊಂಡು ನೋಡುವುದು ಯಾರಿಗೂ ಸುಲಭವಲ್ಲ.

ಗುರುಗಳು ಅಲ್ಲಿಗೆ ಕಥೆ ಮುಗಿಸಿದರು.

"ಆಮೇಲೆ ಅವರು ಪಂದ್ಯ ಗೆದ್ದರೇ, ಗುರುಗಳೇ?"

"ಎಲ್ಲಿ ಗೆದ್ದರು? ಕೊನೆಯಿಂದ ಮೂರನೆಯವರಾಗಿ ಬಂದರು. ಆದರೆ ತಗಡು ಕೂರಿಸಿದ ಎಂಜಿನ್ ಕೊನೆಯವರೆಗೆ ಓಡಿತು. ಅವಳೂ ಕೊನೆಯ ತಿರುವಿನವರೆಗೆ ಓದಿದಳು."

"ಹಾಗಾದರೆ ನನ್ನ ಮಂತ್ರ?"

"ಕೊಡೋಣ ಮಗೂ. ಮೊದಲು ಆ ಎರಡು ಮಠ ಬಿಟ್ಟು ಹೊರಟ ದಿನ ನಿನ್ನ ಮನಸ್ಸು ಎಲ್ಲಿ ಸುಟ್ಟಿತ್ತು ಎಂಬುದನ್ನು ನನ್ನ ಮುಂದೆ ಬಿಚ್ಚಿಡು."