ಕೋಳಿಗೂಡಿನ ಬಾಗಿಲ ಬರಹ

ಪುಟ್ಟಮಾದಮ್ಮನ ಹಿತ್ತಲಿನ ಕೋಳಿಗಳನ್ನು ಮುಂಗುಸಿ ಒಂದೊಂದಾಗಿ ಎಳೆದುಕೊಂಡು ಹೋಗುತ್ತಿತ್ತು. ಗೂಡು ಕಟ್ಟಬೇಕು. ಕಟ್ಟೋದಕ್ಕೆ ಪುರಸಭೆಯ ಪರವಾನಗಿ ಬೇಕು. ಅರ್ಜಿ ಹಿಡಿದು ಹೋದರೆ ಅಧಿಕಾರಿ ಪರಶಿವಮೂರ್ತಿ ತಲೆ ಎತ್ತದೆ, "ನಾಳೆ ಬಾ" ಅನ್ನುತ್ತಿದ್ದರು. ಅವಳಿಗೆ ಅವರ ತಾಯಿಯ ವಯಸ್ಸು. ಆದರೂ "ಬಾ". ಅವಳು ಹೋಗಿ ಬರುವಷ್ಟರಲ್ಲಿ ಹಿತ್ತಲಲ್ಲಿ ಇನ್ನೊಂದು ಕೋಳಿಯ ಪುಕ್ಕ ಹರಡಿರುತ್ತಿತ್ತು.

ಕಡೆಗೆ ಒಂದೇ ಹೇಂಟೆ ಉಳಿಯಿತು. ಪುಟ್ಟಮಾದಮ್ಮ ಅತ್ತಳು. ಮೂಗು ಒರೆಸಿಕೊಂಡು, ಹಳೇ ಹಲಗೆಗಳಿಗೆ ಮೊಳೆ ಹೊಡೆದು ತಾನೇ ಗೂಡು ನಿಲ್ಲಿಸಿದಳು. ಅದರ ಬಾಗಿಲ ಮೇಲೆ ಸುಣ್ಣದಲ್ಲಿ ದಪ್ಪಗೆ "ನಾಳೆ ಬಾ" ಎಂದು ಬರೆದಳು.

ಪರವಾನಗಿ ಇಲ್ಲದೆ ಗೂಡು ಎದ್ದ ಸುದ್ದಿ ಮಾತ್ರ ಅದೇ ಸಂಜೆ ಕಚೇರಿ ಮುಟ್ಟಿತು. ಬೆಳಗ್ಗೆಯೇ ಪರಶಿವಮೂರ್ತಿ ಅದನ್ನು ಕೀಳಿಸಲು ಆಳುಗಳ ಜೊತೆ ಬಂದರು. ಬರಹ ಓದಿ ಅವರ ಮುಖ ಕೆಂಪಗಾಯಿತು.

"ಏನಮ್ಮ, ನನಗೇ ಏಕವಚನವಾ?"

"ಅಯ್ಯೋ, ನಿಮಗಲ್ಲ ಸ್ವಾಮಿ," ಎಂದಳು ಪುಟ್ಟಮಾದಮ್ಮ. "ದೆವ್ವದ ಕಾಟ ಇದ್ರೆ ನಮ್ಮ ಕಡೆ ಬಾಗಿಲ ಮೇಲೆ ಹಿಂಗೆ ಬರೀತೀವಿ. ಅದು ಓದ್ಕೊಂಡು ವಾಪಸ್ ಹೋಗುತ್ತೆ. ನೀವ್ಯಾಕೆ ನಿಮಗೆ ಅಂದ್ಕೊಂಡ್ರಿ?"

ಆಳುಗಳು ನಗು ತಡೆಯಲಾರದೆ ಆಕಾಶ ನೋಡತೊಡಗಿದರು. ಪರಶಿವಮೂರ್ತಿಯ ಬಾಯಿಗೆ ಬಂದದ್ದು ಒಂದೇ.

"ನಾಳೆ ಬರ್ತೀನಿ," ಎಂದು ಗೊಣಗಿ ಹೊರಟೇಹೋದರು.

ಮರುದಿನ ಅವರು ಬರಲಿಲ್ಲ. ಮುಂಗುಸಿ ಬಂತು, ಹಳೇ ಹಲಗೆಯ ಸಂದಿಯಲ್ಲಿ ನುಸುಳಿಕೊಂಡು. ಅದಕ್ಕೆ ಓದು ಬರುತ್ತಿರಲಿಲ್ಲ.