ಹನ್ನೆರಡು ಕೋಳಿಗೆ ಎಂಟು ಅಧಿಕಾರಿಗಳು

"ಗುಡಿಸಲಲ್ಲಿರೋ ಒಬ್ಬ ಹೆಂಗಸು ಸಾಕೋ ಕೋಳೀನ ಎಪ್ಪತ್ತು ಹಳ್ಳಿ ಆಳೋ ನಾನು ಸಾಕಲಾರೆನೇ? ನನ್ನ ಕೋಟೆಯೊಳಗೆ ಒಂದೊಂದು ಕೋಳಿಯೂ ದಿನಕ್ಕೊಂದು ಮೊಟ್ಟೆ ಇಡಬೇಕು. ಹೊತ್ತಿಗೆ ಸರಿಯಾಗಿ ಇಡಬೇಕು!"

ಹೀಗೆಂದು ಮೀಸೆ ತಿರುವಿದವನು ಕರಿಗುಡ್ಡದ ಪಾಳೆಗಾರ ಮಲ್ಲರಸ ನಾಯಕ. ಆ ಹೆಂಗಸು ಊರಂಚಿನ ಗಾದ್ರಕ್ಕ. ಗಂಡ ಸತ್ತ ಮೇಲೆ ಅವಳಿಗಿದ್ದ ಆಸ್ತಿ ಎಂದರೆ ಹಿತ್ತಲಿನ ಹನ್ನೆರಡು ಕೋಳಿ. ಆ ಆಸ್ತಿಯಾದರೂ ನೆಟ್ಟಗಿರುತ್ತಿತ್ತೇ? ಒಂದು ವಾರ ಮರಿಯನ್ನು ಹದ್ದು ಎತ್ತಿಕೊಂಡು ಹೋಗುವುದು, ಮತ್ತೊಂದು ವಾರ ಮುಂಗುಸಿ. ಹೋದ ವರ್ಷ ಕೊಕ್ಕರೆ ರೋಗ ಬಂದು ಮೂರೇ ಮೂರು ಉಳಿದಿದ್ದವು. ಮತ್ತೆ ಕಾವಿಗೆ ಕೂರಿಸಿ, ಮರಿ ಮಾಡಿಸಿ, ಹನ್ನೆರಡಕ್ಕೆ ತಂದಿದ್ದಳು. ಮೊಟ್ಟೆ ಕೊಟ್ಟು ರಾಗಿ ತಂದು ಮುದ್ದೆ ತಿರುವಿಕೊಳ್ಳುತ್ತಿದ್ದಳು.

ಹದ್ದಿನಿಂದ, ಮುಂಗುಸಿಯಿಂದ, ರೋಗದಿಂದ ಉಳಿಸಿಕೊಂಡ ಕೋಳಿಗಳನ್ನು ಪಾಪ, ನಾಯಕರ ಮೆಚ್ಚುಗೆಯಿಂದ ಉಳಿಸಿಕೊಳ್ಳಲು ಅವಳಿಂದ ಆಗಲಿಲ್ಲ. ಹನ್ನೆರಡೂ ಕೋಟೆ ಸೇರಿದವು.

ಕೋಟೆಯಲ್ಲಿ ಅವಕ್ಕೆ ಕಲ್ಲಿನ ಮಂಟಪ, ರೇಷ್ಮೆ ದಿಂಬು, ತುಪ್ಪದ ಅನ್ನ. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದವೋ ಏನೋ. ಜೊತೆಗೆ ಎಂಟು ಜನ ಅಧಿಕಾರಿಗಳೂ ಬಂದರು. ಭರ್ಜಿ ಹಿಡಿದ ಐವರು ಪಹರೆಯವರು ಸುತ್ತ ನಿಂತರು. ಮೊಟ್ಟೆ ಇಡಲು ಒಳ್ಳೆಯ ಗಳಿಗೆ ಹೇಳಲು ಒಬ್ಬ ಜೋಯಿಸ. ಮೊಟ್ಟೆ ಬಿದ್ದ ಕೂಡಲೇ ಊರಿಗೆಲ್ಲ ಸಾರಲು ಒಬ್ಬ ತಮಟೆಯವನು. ಇವರೆಲ್ಲರ ಮೇಲೆ ಪಾರುಪತ್ಯಗಾರ ಸಿಂಗಪ್ಪಯ್ಯ. ನಿಮಿಷಕ್ಕೊಮ್ಮೆ ಕೋಳಿಯ ಹಿಂದೆ ಬಗ್ಗಿ "ಬಂತೇ?" ಎಂದು ನೋಡುವುದು ಆತನ ಘನವಾದ ಕೆಲಸ.

ಒಂದು ದಿನವಾಯಿತು, ಮೂರು ದಿನವಾಯಿತು, ಒಂಬತ್ತು ದಿನವಾಯಿತು. ಬರಲಿಲ್ಲ.

"ಮಾಟ!" ಎಂದ ನಾಯಕ. ತನ್ನ ಏರ್ಪಾಟಿನಲ್ಲೇ ತಪ್ಪಿರಬಹುದೆಂಬ ಯೋಚನೆ ದೊಡ್ಡವರಿಗೆ ಬರುವುದುಂಟೇ? "ಆ ಹೆಂಗಸೇ ಏನೋ ಮಾಡಿಸಿದ್ದಾಳೆ. ನಾಳೆ ಸಂಜೆಯೊಳಗೆ ಮೊಟ್ಟೆ ಬರದಿದ್ದರೆ ಕೋಳಿ ಸಾರಿಗೆ, ಅವಳು ಗಡಿಯಾಚೆಗೆ!"

ಗಾದ್ರಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿದ್ದು ಓಬಳಯ್ಯನ ಮನೆಗೆ. ನಾಯಕನ ಆಸ್ಥಾನದಲ್ಲಿದ್ದು, ಅವನಿಗೇ ಎದುರಾಡಿಯೂ ತಲೆ ಉಳಿಸಿಕೊಂಡಿದ್ದವನು ಓಬಳಯ್ಯ ಒಬ್ಬನೇ.

"ನನ್ನಪ್ಪಾ, ನಾನ್ಯಾವ ಮಾಟ ಮಾಡ್ಲಿ? ನನಗೆ ಮಾಟ ಬಂದಿದ್ರೆ ಮೊದ್ಲು ಆ ಮುಂಗುಸಿಗೆ ಮಾಡ್ತಿರ್ಲಿಲ್ವಾ?" ಎಂದು ಅತ್ತಳು.

"ಅಳಬೇಡಕ್ಕ. ನಿನ್ನ ಹಿತ್ತಲಲ್ಲಿ ಅವು ಹೆಂಗೆ ಮೊಟ್ಟೆ ಇಡ್ತಿದ್ವು, ಅದು ಹೇಳು."

"ಹೆಂಗೆ ಅಂದ್ರೆ? ಮೂಲೇಲಿ ಬಿದಿರಿನ ಮಂಕರಿ ಇಟ್ಟು, ಒಂದಿಷ್ಟು ಹುಲ್ಲು ಹಾಕಿ, ಗೋಣಿ ಇಳಿಬಿಡ್ತಿದ್ದೆ. ಕೋಳಿ ಒಳಗೆ ಹೋಯ್ತು ಅಂದ್ರೆ ನಾನು ಆ ಕಡೆ ತಲೆ ಹಾಕ್ತಿರ್ಲಿಲ್ಲ. ನೋಡ್ತಾ ನಿಂತ್ರೆ ಎದ್ದು ಹೋಗಿಬಿಡುತ್ತೆ. ಅದಕ್ಕೂ ಒಂದು ಮಾನ ಮರ್ಯಾದೆ ಇಲ್ವಾ?"

"ಇದನ್ನ ನಾಯಕರಿಗೆ ಹೇಳಿದ್ಯಾ?"

"ಹೇಳ್ದೆ. ಕೋಳಿಗೆಂಥ ಮರ್ಯಾದೆ ಅಂತ ನಕ್ರು."

"ಬೇರೆಯವರ ಮಾತು ಅವರ ತಲೆಗೆ ಹೋಗಲ್ಲಕ್ಕ. ಅವರ ಬಾಯಿಂದ ಬಂದದ್ದೇ ಅವರಿಗೆ ವೇದವಾಕ್ಯ. ಅವರ ಬಾಯಿಂದಲೇ ಹೇಳಿಸೋಣ. ಹೋಗು, ಮಂಕರಿಗೆ ಹೊಸ ಹುಲ್ಲು ಹಾಕು."

ಓಬಳಯ್ಯ ನೇರ ಕೋಟೆಗೆ ಹೋಗಿ ಕೈ ಮುಗಿದ. "ಬುದ್ಧಿ, ಕೋಳಿ ಯಾಕೆ ಮೊಟ್ಟೆ ಇಡ್ತಿಲ್ಲ ಅನ್ನೋದು ನಾಳೆ ಬೆಳಿಗ್ಗೆಗೆಲ್ಲ ಗೊತ್ತಾಗುತ್ತೆ. ಈ ಸೀಮೇಲಿ ಯಾರ ಮಾತನ್ನ ಯಾರೂ ತೆಗೆದುಹಾಕೋ ಹಾಗಿಲ್ಲವೋ, ಅಂಥವರ ಬಾಯಿಂದಲೇ ಹೇಳಿಸ್ತೀನಿ."

"ಹೇಳಿಸದಿದ್ದರೆ?"

"ಗಾದ್ರಕ್ಕನ ಜೊತೆ ನಾನೂ ಗಡಿ ದಾಟ್ತೀನಿ. ಹೇಳಿಸಿದರೆ ಅವಳ ಕೋಳಿ ಅವಳಿಗೆ."

"ಆಗಲಿ. ಅದಕ್ಕೇನು ಬೇಕು?"

"ಹೆಚ್ಚೇನಿಲ್ಲ ಬುದ್ಧಿ. ಕೋಳಿ ನೋಡಿಕೊಳ್ಳೋ ಆ ಎಂಟು ಜನಾನ ಬೆಳಗಿನ ಮಟ್ಟಿಗೆ ನನಗೆ ಒಪ್ಪಿಸಿ."

"ತಗೋ" ಎಂದ ನಾಯಕ.

ಬೆಳಗಾಯಿತು. ನಾಯಕ ಎಂದಿನಂತೆ ಚೊಂಬು ಹಿಡಿದು ಕೋಟೆಯ ಹಿಂದಿನ ಬಂದರಿಕೆ ಪೊದೆಗಳತ್ತ ಹೊರಟ. ಎಂಥ ಪಾಳೆಗಾರನಾದರೂ ಈ ಒಂದು ಕೆಲಸಕ್ಕೆ ಒಬ್ಬನೇ ಹೋಗಬೇಕು ತಾನೆ? ಪಂಚೆ ಎತ್ತಿ ಕೂತನೋ ಇಲ್ಲವೋ, ಪೊದೆಯ ಸುತ್ತ ಐದು ಭರ್ಜಿಗಳು ಎದ್ದು ನಿಂತವು.

"ಯಾರೋ ಅದು?"

"ಪಹರೆ, ಬುದ್ಧಿ!"

ಜೋಯಿಸ ಪಂಚಾಂಗ ಬಿಡಿಸಿದ. "ಈ ಗಳಿಗೆ ಅಷ್ಟು ಚೆನ್ನಾಗಿಲ್ಲ ಬುದ್ಧಿ. ಸ್ವಲ್ಪ ತಡಕೊಂಡ್ರೆ ಶುಭ."

ತಮಟೆಯವನು ಕೋಲೆತ್ತಿ ಸನ್ನದ್ಧನಾಗಿ ನಿಂತ. ಸಿಂಗಪ್ಪಯ್ಯನಂತೂ ಕರ್ತವ್ಯ ಮರೆಯುವ ಆಸಾಮಿಯೇ ಅಲ್ಲ. ಹಿಂದಿನಿಂದ ಬಂದು, ಬಹಳ ವಿನಯದಿಂದ ಬಗ್ಗಿ ಕೇಳಿದ:

"ಬಂತೇ, ಬುದ್ಧಿ?"

ನಾಯಕನ ಮುಖ ಕೆಂಪಾಯಿತು. ಹೊಟ್ಟೆ ಹಿಡಿದುಕೊಂಡು ಕೋಟೆಯೆಲ್ಲ ಕೇಳುವಂತೆ ಕಿರುಚಿದ: "ಥೂ ನಿಮ್ಮ! ಹಿಂಗೆ ಸುತ್ತ ನಿಂತು ಕಣ್ಣು ಬಿಟ್ಕೊಂಡು ನೋಡ್ತಿದ್ರೆ ಬರೋದಾದ್ರೂ ಎಲ್ಲಿಂದ ಬರುತ್ರೋ, ಮುಟ್ಠಾಳರಾ!"

ಪೊದೆಯ ಆಚೆಯಿಂದ ಓಬಳಯ್ಯನ ದನಿ ಬಂತು. "ಎಲ್ಲರೂ ಕೇಳಿಸ್ಕೊಂಡ್ರಾ? ಕೋಳಿಗಳ ಅಹವಾಲೂ ಇದೇ, ಬುದ್ಧಿ. ಪಾಪ, ಅವಕ್ಕೆ ತಮ್ಮ ಹಾಗೆ ಬೈಯೋಕೆ ಬರಲ್ಲ, ಅಷ್ಟೆ."

ನಾಯಕ ಬೈಯಲು ಬಾಯಿ ತೆರೆದ. ಆಮೇಲೆ ಚೊಂಬಿನ ನೀರು ತುಳುಕುವ ಹಾಗೆ ನಕ್ಕುಬಿಟ್ಟ.

"ಗೆದ್ದೆ ಕಣಯ್ಯ! ಹನ್ನೆರಡೂ ಕೋಳಿ ಈಗಲೇ ಅವಳ ಹಿತ್ತಲು ಸೇರಲಿ, ಜೊತೆಗೆ ಒಂದು ಮೂಟೆ ರಾಗಿ ಕಳಿಸಿ. ನಿನಗೇನು ಬೇಕು, ಬೇಗ ಕೇಳು."

"ಅವಸರ ಏನಿದೆ ಬುದ್ಧಿ?" ಎಂದ ಓಬಳಯ್ಯ, ಒಂದು ಕಲ್ಲಿನ ಮೇಲೆ ಆರಾಮಾಗಿ ಕೂರುತ್ತ. "ನಾವು ಒಂಬತ್ತು ಜನಾನೂ ಇಲ್ಲೇ ಇದ್ದು, ನಿಧಾನವಾಗಿ ಯೋಚನೆ ಮಾಡಿ ಹೇಳ್ತೀವಿ."

"ಕೇಳಿದ್ದೆಲ್ಲ ಕೊಟ್ಟೆ!" ನಾಯಕ ಕಿರುಚಿದ. "ಕೇಳದೇ ಇದ್ದದ್ದೂ ಕೊಟ್ಟೆ ಕಣಪ್ಪ! ಮೊದಲು ಇವರನ್ನೆಲ್ಲ ಕರ್ಕೊಂಡು ಇಲ್ಲಿಂದ ತೊಲಗು!"