ಲೀವನ್ ಮಾಡಿದ ಇಕ್ಕಳ

ಫ್ಲಾಂಡರ್ಸ್ ಸೀಮೆಯ ಒಂದು ಸೆರೆಮನೆ. ತೇವ ಹಿಡಿದ ಹುಲ್ಲಿನ ಮೇಲೆ ಕೂತು ಎವರ್ಟ್ ಅಯ್ಯನವರು ಹರಿದ ಜೋಡು ಹೊಲ್ಕೋತಿದ್ರು. ಇನ್ನೊಂದು ಗಳಿಗೇಲಿ ಅವರನ್ನ ಸುಡ್ತಾರೆ, ಜೋಡು ಯಾಕೆ ಅಂತೀರಾ? ಮಹಾತ್ಮರು, ಹಂಗೇ. ಅವರು ಮಾಡಿದ ತಪ್ಪು ಇಷ್ಟೇ: ದೇವರ ವಾಕ್ಯಾನ ಲ್ಯಾಟಿನ್‌ನಿಂದ ಬಿಡಿಸಿ ಮೀನು ಮಾರೋರ ಮಾತಿಗೆ ತಂದಿದ್ರು.

ಬಾಗಿಲು ತೆಗೆದು ಕಮ್ಮಾರ ಲೀವನ್ ಬಂದ. ಸುಡೋಕೆ ಮುಂಚೆ ನಾಲಿಗೆಗೆ ಕಬ್ಬಿಣದ ಇಕ್ಕಳ ಬಿಗಿಯೋದು ಆ ಊರಿನ ಪದ್ಧತಿ. ಇಲ್ದಿದ್ರೆ ಇಂಥವರು ಬೆಂಕಿಯಲ್ಲೂ ಬೋಧನೆ ಮಾಡ್ತಾರೆ, ಜನ ಅಳ್ತಾರೆ, ಅಧಿಕಾರಿಗಳಿಗೆ ತಲೆನೋವು. ಇಕ್ಕಳ ಜಾರಿದ್ರೆ ಮಾಡಿದವನ ಬಲಗೈ ಕಡೀತಾರೆ.

"ಬಾಯಿ ತೆಗೀರಿ ಸ್ವಾಮಿ, ನಿಮ್ಮ ಪ್ರವಚನಕ್ಕೆ ಬೀಗ ತಂದಿದೀನಿ."

ಅಯ್ಯನವರು ತೆಗೆದ್ರು. ಇಕ್ಕಳ ಲೊಡಲೊಡ ಅಂತು. ಲೀವನ್ ತನ್ನ ಬಲಗೈ ನೋಡ್ಕೊಂಡ. ಧರ್ಮದ್ರೋಹಿಯ ಬಾಯಿ ಮುಟ್ಟಿದ್ರೆ ಪಾಪ ಸುತ್ಕೊಳ್ಳುತ್ತೆ ಅಂತ ಅವನು ಅಳತೆಗೇ ಬಂದಿರಲಿಲ್ಲ. ಕುಲುಮೆ ಪಕ್ಕದ ನೀರಿನ ತೊಟ್ಟೀಲಿ ಮುಖ ನೋಡ್ಕೊಂಡು ತನ್ನ ನಾಲಿಗೆಗೇ ಅಳತೆ ಹಿಡಿದಿದ್ದ!

ಅಯ್ಯನವರು ಇಕ್ಕಳ ಕೈಗೆ ತಗೊಂಡು ನಕ್ಕೇಬಿಟ್ರು. "ನಿಂದು ದೊಡ್ಡ ನಾಲಿಗೆ ಕಣಪ್ಪ. ಹೆದರಬೇಡ, ಹಲ್ಲಲ್ಲಿ ಕಚ್ಕೊಂಡಿರ್ತೀನಿ. ನಿನ್ನ ಕೈ ನಿನಗೆ ಬೇಕು."

"ಅಷ್ಟು ಜನ ಕಾಯ್ತಿದಾರೆ. ಅವರಿಗೆ ಒಂದು ಮಾತೂ ಹೇಳಲ್ವಾ?"

"ನಿನಗೆ ಹೇಳ್ತೀನಿ, ಸಾಕು. ದೇವರಿಗೆ ನಿನ್ನ ಮನೆಮಾತು ಬರುತ್ತೆ, ಲೀವನ್."

ಹೆಂಡತಿ ಸತ್ತ ದಿನ ಪ್ರಾರ್ಥನೆಗೆ ಲ್ಯಾಟಿನ್ ಬೇಕು, ತನಗೆ ಬರಲ್ಲ ಅಂತ ಹೆಣದ ಮುಂದೆ ಬಾಯಿ ಮುಚ್ಕೊಂಡು ನಿಂತಿದ್ದವನು ಲೀವನ್.

ಚೌಕದಲ್ಲಿ ಬೆಂಕಿ ಹತ್ತಿತು. ಅಯ್ಯನವರ ದವಡೆ ಅದುರ್ತಿತ್ತು, ತುಟಿಯಿಂದ ರಕ್ತ ಇಳೀತಿತ್ತು, ಕಚ್ಚಿದ ಹಲ್ಲು ಮಾತ್ರ ಬಿಡಲಿಲ್ಲ. ಇದ್ಯಾಕೆ ಅಂತ ಅಲ್ಲಿ ಗೊತ್ತಿದ್ದವನು ಒಬ್ಬನೇ. ಸುಮ್ಮನೆ ನಿಂತಿದ್ರೆ ಅವನ ಕೈ ಉಳೀತಿತ್ತು.

"ಅದು ಸಡಿಲ ಇದೆ ಕಣ್ರೋ! ನನಗೋಸ್ಕರ ಕಚ್ಕೊಂಡಿದಾರೆ!" ಲೀವನ್ ಕಿರುಚಿದ. ಆಮೇಲೆ ಕುಲುಮೆ ಹತ್ರ ಮಾತಾಡೋ ಮಾತಲ್ಲೇ ಆಕಾಶ ನೋಡಿ ಕೂಗಿದ, "ಅಪ್ಪಾ, ಇವರನ್ನ ಸೇರಿಸ್ಕೋ. ನನ್ನನ್ನೂ ಬಿಡಬೇಡ."

ಗುಂಪಲ್ಲಿ ಮೀನು ಮಾರೋ ಹೆಂಗಸೊಬ್ಬಳು "ಹೌದಪ್ಪಾ" ಅಂದಳು. ಅಷ್ಟು ಕೇಳಿಸಿತೇನೋ, ಅಯ್ಯನವರ ದವಡೆ ಸಡಿಲವಾಯ್ತು. ಇಕ್ಕಳ ಬೆಂಕಿಗೆ ಬಿತ್ತು.

ಮೂರೇ ವಾರ. ಮನೆಮಾತಲ್ಲಿ ದೇವರನ್ನ ಕೂಗಿದ ತಪ್ಪಿಗೆ ಲೀವನ್ ಅವರನ್ನೂ ಅದೇ ಕಂಬಕ್ಕೆ ಕಟ್ಟಿದ್ರು. ಬೂದೀಲಿ ಸಿಕ್ಕಿದ್ದ ಹಳೇ ಇಕ್ಕಳಾನೇ ತಂದ್ರು. ಅಳತೆ ತಗೊಳ್ಳೋ ಕೆಲಸ ಬೀಳಲಿಲ್ಲ, ಸರಿಯಾಗಿ ಕೂತ್ಕೊಂತು. ಅವರು ಕಣ್ಣಲ್ಲೇ ನಗ್ತಿದ್ರು. ಅವರು ಮಾತಾಡಬೇಕಾಗಿರಲಿಲ್ಲ, ಗುಂಪಿಗೆ ಗುಂಪೇ ಮೀನು ಮಾರೋರ ಮಾತಲ್ಲಿ ಪ್ರಾರ್ಥನೆ ಶುರು ಮಾಡಿತ್ತು.